ಕೈಕೆಲಸ ಕಟ್ಟಿದ ಊರು: ಚೋಳಮಂಡಲ ಕಲಾವಿದರ ಗ್ರಾಮದ ಅರವತ್ತು ವರ್ಷ

1966ರಲ್ಲಿ ಮದರಾಸಿನ ಕೆಲವು ಚಿತ್ರಕಲಾವಿದರು ಮತ್ತು ಶಿಲ್ಪಿಗಳು ತಾವೇ ಬಟ್ಟೆಗೆ ಬಣ್ಣ ಹಾಕಿ ಮಾರಿ ಗಳಿಸಿದ ದುಡ್ಡಿನಿಂದ ಸಮುದ್ರದ ದಂಡೆಯಲ್ಲಿ ಒಂದಿಷ್ಟು ಮರಳು ನೆಲ ಕೊಂಡರು. ಅಲ್ಲಿ ತಮ್ಮ ಮನೆಗಳನ್ನು ಕಟ್ಟಿಕೊಂಡರು, ಮಕ್ಕಳನ್ನು ಬೆಳೆಸಿದರು, ಚಿತ್ರ ಬರೆದರು, ಲೋಹ ಬಡಿದರು. ಮದರಾಸಿನಿಂದ ಮಹಾಬಲಿಪುರಕ್ಕೆ ಹೋಗುವ ಕರಾವಳಿ ರಸ್ತೆಯ ಇಂಜಂಬಾಕ್ಕಂನಲ್ಲಿ ಹೀಗೆ ಹುಟ್ಟಿದ ಚೋಳಮಂಡಲ ಕಲಾವಿದರ ಗ್ರಾಮಕ್ಕೆ ಈಗ ಅರವತ್ತರ ಹೊಸ್ತಿಲು. ಭಾರತದ ಆಧುನಿಕ ಕಲೆಯ ಚರಿತ್ರೆ ಬರೆಯುವವರು ಈ ಹೆಸರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಕನ್ನಡಿಗರಾದ ನಮಗೂ ಇದು ಹೊರಗಿನ ಊರೇನಲ್ಲ, ಅದನ್ನು ಕಟ್ಟಿದ ಮೊದಲ ತಲೆಮಾರಿನಲ್ಲಿ ಮೈಸೂರಿನ ಒಬ್ಬ ಹುಡುಗನೂ ಇದ್ದ.

ಇಲ್ಲಿಂದ ಹೊರಬಂದ ಚಿತ್ರಗಳ ಬಗ್ಗೆ, ಶಿಲ್ಪಗಳ ಬಗ್ಗೆ ಸಾಕಷ್ಟು ಬರವಣಿಗೆ ಇದೆ. ಈ ಲೇಖನದ ಆಸಕ್ತಿ ಆ ಕೃತಿಗಳ ಹಿಂದಿರುವ ದೈನಂದಿನ ಏರ್ಪಾಟಿನ ಮೇಲೆ. ಕಲಾವಿದ ಯಾರ ಮುಲಾಜಿಗೂ ಬೀಳದೆ ಬದುಕಬೇಕಾದರೆ ಅನ್ನದ ದಾರಿಯನ್ನು ಮೊದಲು ಸರಿಪಡಿಸಿಕೊಳ್ಳಬೇಕು, ಒಬ್ಬನ ಕೈಲಾಗದ್ದನ್ನು ಹತ್ತಾರು ಜನ ಸೇರಿ ಮಾಡಬೇಕು. ಚೋಳಮಂಡಲ ನಮಗೆ ಕಲಿಸುವ ಮುಖ್ಯ ಪಾಠ ಇದು. ಅದರ ಚರಿತ್ರೆಯನ್ನು ಈ ದೃಷ್ಟಿಯಿಂದಲೇ ನೋಡಬೇಕಾಗಿದೆ.

ಮದರಾಸಿನ ಶಾಲೆ

ಚೋಳಮಂಡಲದ ಬೇರು ಇರುವುದು ಮದರಾಸಿನ ಸರ್ಕಾರಿ ಕಲಾಶಾಲೆಯಲ್ಲಿ. 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯರು ಆರಂಭಿಸಿದ ಶಾಲೆ ಅದು. ಮೊದಲಿನಿಂದಲೂ ಅಲ್ಲಿ ಚಿತ್ರಕಲೆಗಿಂತ ಕೈಗಾರಿಕಾ ಕಲೆಗಳಿಗೆ ಹೆಚ್ಚು ಪ್ರಾಧಾನ್ಯ. ಮಡಕೆ ಕುಡಿಕೆ, ಮರಗೆಲಸ, ಲೋಹದ ಕೆಲಸಗಳನ್ನು ಕಲಿಸುತ್ತಿದ್ದರು. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿ ಬಂದ ಆಲ್ಫ್ರೆಡ್ ಚಾಟರ್ಟನ್ ಅಲ್ಯೂಮಿನಿಯಂ ಪಾತ್ರೆ ತಯಾರಿಸುವ ಪ್ರಯೋಗ ನಡೆಸಿದ್ದೂ ಇದೇ ಶಾಲೆಯಲ್ಲಿ. ಇಪ್ಪತ್ತನೆಯ ಶತಮಾನದಲ್ಲಿ ಶಿಲ್ಪಿ ದೇವಿಪ್ರಸಾದ್ ರಾಯ್ ಚೌಧರಿ ಪ್ರಾಂಶುಪಾಲರಾದ ಮೇಲೆ ಚಿತ್ರ ಮತ್ತು ಶಿಲ್ಪ ಮುಂಚೂಣಿಗೆ ಬಂದವು. ಆದರೂ ಕುಲುಮೆ, ಮಗ್ಗ, ಚಕ್ರಗಳು ಶಾಲೆಯ ಆವರಣ ಬಿಟ್ಟು ಹೋಗಲಿಲ್ಲ. ಚಿತ್ರ ಕಲಿಯುವ ವಿದ್ಯಾರ್ಥಿ ಕೈಗೆ ಮಸಿ ಮಾಡಿಕೊಂಡು ಲೋಹ ಬಡಿಯುವವನ ಪಕ್ಕದಲ್ಲೇ ಓಡಾಡುತ್ತಿದ್ದ.

1957ರಲ್ಲಿ ರಾಯ್ ಚೌಧರಿಯವರ ಸ್ಥಾನಕ್ಕೆ ಬಂದವರು ಕೆ.ಸಿ.ಎಸ್. ಪಣಿಕ್ಕರ್. 1911ರಲ್ಲಿ ಕೊಯಮತ್ತೂರಿನಲ್ಲಿ ಹುಟ್ಟಿದ ಪಣಿಕ್ಕರ್ ಇದೇ ಶಾಲೆಯ ವಿದ್ಯಾರ್ಥಿ, ಆಮೇಲೆ ಇಲ್ಲಿಯೇ ಅಧ್ಯಾಪಕ. 1944ರಲ್ಲಿ ಅವರು ಗೆಳೆಯರನ್ನು ಸೇರಿಸಿಕೊಂಡು ಪ್ರೋಗ್ರೆಸ್ಸಿವ್ ಪೇಂಟರ್ಸ್ ಅಸೋಸಿಯೇಷನ್ ಎಂಬ ಸಂಘ ಕಟ್ಟಿದ್ದರು. ದಕ್ಷಿಣದ ಕಲಾವಿದರು ಒಟ್ಟಾಗಿ ಪ್ರದರ್ಶನ ಮಾಡುವುದಕ್ಕೆ, ತಮ್ಮ ಕೆಲಸದ ಬಗ್ಗೆ ಚರ್ಚಿಸುವುದಕ್ಕೆ ಅದೊಂದು ವೇದಿಕೆಯಾಗಿತ್ತು. ಇದೇ ಬಳಗದಿಂದ 1960ರ ದಶಕದಲ್ಲಿ ‘ಆರ್ಟ್‌ಟ್ರೆಂಡ್ಸ್’ ಎಂಬ ಕಲಾಪತ್ರಿಕೆಯೂ ಹೊರಟಿತು.

ಪಣಿಕ್ಕರ್ ಅವರಿಗೆ ಎರಡು ಪ್ರಶ್ನೆಗಳು ಕಾಡುತ್ತಿದ್ದವು. ಮೊದಲನೆಯದು ಕಲೆಯ ಪ್ರಶ್ನೆ. ಪ್ಯಾರಿಸ್ಸಿನಲ್ಲಿ ನಡೆದದ್ದನ್ನು ಮದರಾಸಿನಲ್ಲಿ ಮತ್ತೆ ಮಾಡುತ್ತ ಕೂತರೆ ನಮ್ಮದು ಎನ್ನುವುದು ಹುಟ್ಟುವುದು ಯಾವಾಗ? ಇದಕ್ಕೆ ಅವರು ತಮ್ಮ ಕುಂಚದಿಂದಲೇ ಉತ್ತರ ಹುಡುಕಿದರು. ಜಾತಕದ ಕುಂಡಲಿ, ಗಣಿತದ ಗುರುತು, ಮಲಯಾಳದ ಅಕ್ಷರ, ತಾಳೆಗರಿಯ ಗೀಟುಗಳನ್ನು ಕಲಸಿ ಕಟ್ಟಿದ ‘ಪದಗಳು ಮತ್ತು ಸಂಕೇತಗಳು’ ಎಂಬ ಚಿತ್ರಮಾಲೆ 1960ರ ದಶಕದ ಮೊದಲ ಭಾಗದಲ್ಲಿ ಆರಂಭವಾಯಿತು. ಎರಡನೆಯದು ಹೊಟ್ಟೆಯ ಪ್ರಶ್ನೆ. ಪ್ರತಿ ವರ್ಷ ಶಾಲೆಯಿಂದ ಪ್ರತಿಭಾವಂತ ಹುಡುಗ ಹುಡುಗಿಯರು ಹೊರಬೀಳುತ್ತಿದ್ದರು. ಮದರಾಸಿನಲ್ಲಿ ಆಗ ಚಿತ್ರ ಮಾರುವ ಗ್ಯಾಲರಿ ಎಂಬುದು ಇಲ್ಲವೆನ್ನುವಷ್ಟು ಕಡಿಮೆ. ಮುಂಬೈ, ದೆಹಲಿಗಳಲ್ಲಿದ್ದಂಥ ಕೊಳ್ಳುವ ವರ್ಗವೂ ಇರಲಿಲ್ಲ. ಕೆಲವರು ನೇಕಾರರ ಸೇವಾ ಕೇಂದ್ರದಲ್ಲಿ ವಿನ್ಯಾಸಕಾರರಾದರು, ಕೆಲವರು ಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟ್ರಾದರು, ಉಳಿದವರು ಜಾಹೀರಾತು ಕಂಪನಿಗಳಿಗೋ ಗುಮಾಸ್ತಗಿರಿಗೋ ಹೋದರು. ಐದಾರು ವರ್ಷ ಕಲಿತ ವಿದ್ಯೆ ಹೀಗೆ ಭಾನುವಾರದ ಹವ್ಯಾಸವಾಗಿ ಉಳಿಯುವುದನ್ನು ನೋಡುತ್ತ ಕೂರಲು ಪಣಿಕ್ಕರ್ ಸಿದ್ಧರಿರಲಿಲ್ಲ.

ಬಾಟಿಕ್ ಕೊಟ್ಟ ಬಂಡವಾಳ

ಹೊಟ್ಟೆಯ ಪ್ರಶ್ನೆಗೆ ಉತ್ತರ ಶಾಲೆಯ ಆವರಣದಲ್ಲೇ ಇತ್ತು. ಚಿತ್ರ ಕೊಳ್ಳದ ಊರು ಒಳ್ಳೆಯ ಕೈಕೆಲಸವನ್ನು ಕೊಳ್ಳುತ್ತದೆ ಎಂಬುದನ್ನು ಪಣಿಕ್ಕರ್ ಗಮನಿಸಿದರು. ಅದಕ್ಕೆ ಕಾಲವೂ ಹದವಾಗಿತ್ತು. 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯ ಮೂಲಕ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯರು ದೇಶದ ಕೈಕಸುಬುಗಳಿಗೆ ಹೊಸ ಮರ್ಯಾದೆ ತಂದುಕೊಟ್ಟಿದ್ದರು. ಕೈಯಿಂದ ಮಾಡಿದ ಸೀರೆಯನ್ನು ಉಡುವುದು, ಮನೆಯ ಗೋಡೆಗೆ ಕರಕುಶಲ ವಸ್ತುವನ್ನು ತೂಗುಹಾಕುವುದು ನಗರದ ವಿದ್ಯಾವಂತ ಕುಟುಂಬಗಳಿಗೆ ಹೆಮ್ಮೆಯ ವಿಷಯವಾಗುತ್ತಿತ್ತು.

ಆಯ್ಕೆಯಾದದ್ದು ಬಾಟಿಕ್. ಜಾವಾದ ಈ ಕಲೆಗೆ ಭಾರತದಲ್ಲಿ ಹೊಸ ನೆಲೆ ಸಿಕ್ಕಿದ್ದು ಶಾಂತಿನಿಕೇತನದಲ್ಲಿ, 1927ರ ರವೀಂದ್ರನಾಥರ ಜಾವಾ ಪ್ರವಾಸದ ನಂತರ. ಜೇನುಮೇಣ ಮತ್ತು ಪ್ಯಾರಾಫಿನ್ ಮೇಣವನ್ನು ಬೆರೆಸಿ ಕಾಯಿಸುತ್ತಾರೆ. ಬಟ್ಟೆಯ ಮೇಲೆ ಬಣ್ಣ ಹಿಡಿಯಬಾರದ ಜಾಗಕ್ಕೆ ಕುಂಚದಿಂದ ಆ ಬಿಸಿ ಮೇಣ ಬಳಿಯುತ್ತಾರೆ. ಬಣ್ಣದ ನೀರು ತಣ್ಣಗಿರಬೇಕು, ಬಿಸಿಯಾದರೆ ಮೇಣ ಕರಗಿಹೋಗುತ್ತದೆ. ತೆಳು ಬಣ್ಣದಿಂದ ಆರಂಭಿಸಿ ಒಂದೊಂದು ಸಲವೂ ಮೇಣ ಬಳಿದು ಒಂದೊಂದು ಗಾಢ ಬಣ್ಣಕ್ಕೆ ಅದ್ದುತ್ತ ಹೋಗಬೇಕು. ಗಟ್ಟಿಯಾದ ಮೇಣ ಮಡಿಕೆಯಲ್ಲಿ ಬಿರಿದ ಕಡೆ ಬಣ್ಣ ಒಳನುಗ್ಗಿ ಕೂದಲೆಳೆಯಂಥ ಗೆರೆಗಳು ಮೂಡುತ್ತವೆ. ಬಾಟಿಕ್‌ಗೆ ಅದರ ಚೆಲುವು ಬರುವುದೇ ಈ ಗೆರೆಗಳಿಂದ. ಕೊನೆಗೆ ಕುದಿಯುವ ನೀರಿನಲ್ಲಿ ಹಾಕಿ ಮೇಣ ತೆಗೆದಾಗ ಚಿತ್ರ ಪೂರ್ತಿ ಕಾಣುತ್ತದೆ. ಇಲ್ಲಿ ಒಮ್ಮೆ ಎಳೆದ ಗೆರೆಯನ್ನು ಅಳಿಸುವಂತಿಲ್ಲ. ರೇಖೆಯ ಮೇಲೆ ಹಿಡಿತ ಇದ್ದವನಿಗೆ ಮಾತ್ರ ದಕ್ಕುವ ಕೆಲಸ ಇದು. ಮದರಾಸು ಶಾಲೆಯ ಹುಡುಗರಿಗೆ ಇದ್ದ ದೊಡ್ಡ ಆಸ್ತಿಯೂ ರೇಖೆಯೇ.

ಆರ್ಟಿಸ್ಟ್ಸ್ ಹ್ಯಾಂಡಿಕ್ರಾಫ್ಟ್ಸ್ ಅಸೋಸಿಯೇಷನ್ ಎಂಬ ಹೆಸರಿನಲ್ಲಿ ಅವರು ಸಂಘ ಕಟ್ಟಿಕೊಂಡರು. ವಿದ್ಯಾರ್ಥಿಗಳೂ ಶಾಲೆ ಮುಗಿಸಿದವರೂ ಸೇರಿ ಬಾಟಿಕ್ ತಯಾರಿಸಿ ಪ್ರದರ್ಶನಕ್ಕಿಟ್ಟರು. ಮದರಾಸಿನ ಜನ ಮೆಚ್ಚಿಕೊಂಡು ಕೊಂಡರು. ಬಂದ ಲಾಭವನ್ನು ಆಗಲೇ ಹಂಚಿಕೊಂಡು ಖರ್ಚು ಮಾಡಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಕೂಡಿಟ್ಟರು. ಇಪ್ಪತ್ತು ಇಪ್ಪತ್ತೈದರ ವಯಸ್ಸಿನ, ಕೈಯಲ್ಲಿ ಬೇರೆ ಕಾಸಿಲ್ಲದ ಹುಡುಗರು ಹೀಗೆ ಕೂಡಿಟ್ಟರು ಎಂಬುದನ್ನು ನಾವು ವಿಶೇಷವಾಗಿ ನೆನೆಯಬೇಕು.

ಮರಳಿನ ಮೇಲೆ ಮನೆ

ಆ ದುಡ್ಡಿನಿಂದ ಇಂಜಂಬಾಕ್ಕಂನಲ್ಲಿ ಎಂಟು ಹತ್ತು ಎಕರೆಯಷ್ಟು ನೆಲ ಕೊಂಡದ್ದು 1966ರಲ್ಲಿ. ಮೂವತ್ತು ನಲವತ್ತು ಮಂದಿ ಕಲಾವಿದರ ಒಟ್ಟು ಸಾಹಸ ಅದು. ಆಗ ಆ ಕಡೆ ಗಾಳಿಮರದ ತೋಪು, ಮರಳ ದಿಬ್ಬ, ಬೆಸ್ತರ ಹಳ್ಳಿಗಳು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ವಿದ್ಯುತ್ ಇರಲಿಲ್ಲ, ಕುಡಿಯುವ ನೀರಿಗೆ ಕಷ್ಟ, ಊರಿಗೆ ಹೋಗಿ ಬರಲು ಬಸ್ಸು ಅಪರೂಪ. ನೆಲ ಅಗ್ಗಕ್ಕೆ ಸಿಕ್ಕಿದ್ದೂ ಈ ಕಾರಣಕ್ಕೇ. ದಕ್ಷಿಣದ ಶಿಲ್ಪಕ್ಕೆ, ಕಂಚಿನ ಮೂರ್ತಿಗಳಿಗೆ ಹೆಸರಾದ ಚೋಳರನ್ನು ನೆನೆದು ಚೋಳಮಂಡಲ ಎಂದು ಹೆಸರಿಟ್ಟರು.

ಮೊದಲು ಎದ್ದವು ಗರಿ ಹೊದಿಸಿದ ಗುಡಿಸಲುಗಳು. ಆಮೇಲೆ ಒಂದೊಂದಾಗಿ ಚಿಕ್ಕ ಮನೆಗಳು ಬಂದವು. ಕಲಾವಿದರೇ ತಮ್ಮ ಮನೆಗಳ ನಕ್ಷೆ ಯೋಚಿಸಿದರು, ವಾಸಕ್ಕೆಷ್ಟೋ ಕೆಲಸದ ಕೋಣೆಗೂ ಅಷ್ಟೇ ಜಾಗ ಬಿಟ್ಟರು. ಎಲ್ಲರಿಗೂ ಸೇರಿದ ಕಾರ್ಯಾಗಾರ, ಪ್ರದರ್ಶನ ಶಾಲೆ, ಹೊರಗಿನಿಂದ ಬರುವ ಕಲಾವಿದರು ತಂಗಿ ಕೆಲಸ ಮಾಡಲು ಕೋಣೆಗಳು ಕಾಲಕ್ರಮದಲ್ಲಿ ಸೇರಿಕೊಂಡವು. ಕವಿತೆ ಓದುವುದಕ್ಕೆ, ಸಂಗೀತ, ನೃತ್ಯ, ನಾಟಕಗಳಿಗೆ ‘ಭಾರತಿ’ ಎಂಬ ಬಯಲು ರಂಗಮಂದಿರ ಎದ್ದಿತು. 1967ರಲ್ಲಿ ಶಾಲೆಯ ಕೆಲಸದಿಂದ ನಿವೃತ್ತರಾದ ಪಣಿಕ್ಕರ್ ತಮ್ಮ ಕೊನೆಯ ಹತ್ತು ವರ್ಷ ಈ ಗ್ರಾಮದ ಜೊತೆಗೇ ಕಳೆದರು.

ಇಲ್ಲಿ ಸೇರಿದವರ ಹೆಸರುಗಳನ್ನು ನೋಡಿದರೆ ದಕ್ಷಿಣ ಭಾರತದ ಆಧುನಿಕ ಕಲೆಯ ಒಂದು ದೊಡ್ಡ ಭಾಗವೇ ಕಣ್ಣಮುಂದೆ ಬರುತ್ತದೆ. ಬಸ್ತರಿನ ಆದಿವಾಸಿ ಪುರಾಣಗಳನ್ನು ಕ್ಯಾನ್ವಾಸಿಗೆ ತಂದ ಜೆ. ಸುಲ್ತಾನ್ ಅಲಿ, ತಾಂತ್ರಿಕ ಜ್ಯಾಮಿತಿಯನ್ನು ಹಿಡಿದು ಹೊರಟ ಕೆ.ವಿ. ಹರಿದಾಸನ್, ಕೆ. ಜಯಪಾಲ ಪಣಿಕ್ಕರ್, ಪಿ. ಗೋಪಿನಾಥ್, ಎಂ. ಸೇನಾಧಿಪತಿ, ಡಿ. ವೆಂಕಟಪತಿ, ವಿ. ವಿಶ್ವನಾಥನ್, ಅಕ್ಕಿತ್ತಂ ನಾರಾಯಣನ್, ಶಿಲ್ಪಿಗಳಾದ ಎಸ್. ನಂದಗೋಪಾಲ್, ಪಿ.ಎಸ್. ನಂದನ್, ಎಸ್. ಪರಮಶಿವಂ, ಅನಿಲಾ ಜೇಕಬ್, ಚಿತ್ರದ ಜೊತೆಗೆ ಲೋಹದಲ್ಲೂ ಕೆಲಸ ಮಾಡಿದ ಅರ್ನವಾಜ್, ನಮ್ಮ ಎಸ್.ಜಿ. ವಾಸುದೇವ್. ತಮಿಳು, ಮಲಯಾಳ, ತೆಲುಗು, ಕನ್ನಡ ಮಾತಾಡುವವರು, ಹಲವು ಧರ್ಮದವರು ಒಂದೇ ಬೇಲಿಯೊಳಗೆ ಬದುಕಿದರು.

ದಿನದ ಕೆಲಸ

ಗ್ರಾಮದ ದಿನಚರಿಗೆ ಪಣಿಕ್ಕರ್ ಹಾಕಿಕೊಟ್ಟ ಸೂತ್ರ ಸರಳವಾಗಿತ್ತು. ದಿನದ ಕೆಲವು ಗಂಟೆ ಕೈಕೆಲಸಕ್ಕೆ, ಉಳಿದದ್ದೆಲ್ಲ ಸ್ವಂತ ಕಲೆಗೆ. ಕೈಕೆಲಸದಿಂದ ಅಕ್ಕಿ ಬೇಳೆಯ ಖರ್ಚು ಹುಟ್ಟಬೇಕು. ಆಗ ಚಿತ್ರ ಇಂದೇ ಮಾರಾಟವಾಗಲಿ ಎಂಬ ಆತುರ ಇರುವುದಿಲ್ಲ, ಕೊಳ್ಳುವವನ ಅಭಿರುಚಿಗೆ ತಕ್ಕಂತೆ ಬಣ್ಣ ಬದಲಿಸುವ ಪ್ರಮೇಯ ಬರುವುದಿಲ್ಲ. ಮೇಲಧಿಕಾರಿಯ ಕೆಳಗೆ ಎಂಟು ಗಂಟೆ ದುಡಿದು ಸಂಜೆ ದಣಿದ ಕಣ್ಣಿನಲ್ಲಿ ಕುಂಚ ಹಿಡಿಯುವುದಕ್ಕೂ ಬೆಳಗ್ಗೆ ಎದ್ದು ತನ್ನದೇ ಅಂಗಳದಲ್ಲಿ ತನಗೆ ಬೇಕಾದ ಹೊತ್ತಿಗೆ ಬಾಟಿಕ್ ಮಾಡಿ ಆಮೇಲೆ ಚಿತ್ರಕ್ಕೆ ಕೂರುವುದಕ್ಕೂ ಎಷ್ಟು ವ್ಯತ್ಯಾಸ ಎಂಬುದು ಕಲಾವಿದರಿಗೆ ಗೊತ್ತು.

ಬಾಟಿಕ್ ಒಂದರಲ್ಲೇ ಅವರು ನಿಲ್ಲಲಿಲ್ಲ. ತಾಮ್ರದ ಉಬ್ಬುಚಿತ್ರ, ಲೋಹದ ಆಭರಣ, ಚರ್ಮದ ಕೆಲಸ, ಮರದ ಕೆತ್ತನೆ, ಸುಟ್ಟ ಮಣ್ಣಿನ ಬೊಂಬೆ, ಪಿಂಗಾಣಿ, ಕೈಯಿಂದ ಚಿತ್ರಿಸಿದ ಬಟ್ಟೆಗಳು ಬಂದವು. ಇವುಗಳಲ್ಲಿ ಕಲಾವಿದನದೇ ಕೈ ಇರಬೇಕು, ಅಚ್ಚು ಹಾಕಿ ನೂರಾರು ಪ್ರತಿ ತೆಗೆಯುವ ಉದ್ಯಮವಾಗಬಾರದು ಎಂಬುದು ಇದರ ಹಿಂದಿದ್ದ ತಿಳುವಳಿಕೆ. ಗಂಡಸರು ಮಾತ್ರ ದುಡಿದ ಊರು ಇದಾಗಿರಲಿಲ್ಲ. ಅರ್ನವಾಜ್, ಅನಿಲಾ ಜೇಕಬ್ ಅವರಂಥ ಕಲಾವಿದೆಯರು ಸಮಸಮನಾಗಿ ನಿಂತು ಕೆಲಸ ಮಾಡಿದರು.

ಪ್ರದರ್ಶನ ಶಾಲೆಯಲ್ಲಿ ಕೃತಿಗಳನ್ನು ಇಡುವುದು, ಬಂದವರಿಗೆ ತೋರಿಸುವುದು, ಮಾರುವುದು ಸಂಘದ ಹೊಣೆಯಾಯಿತು. ಗ್ರಾಮವನ್ನು ನಡೆಸುವುದೂ ಸಂಘವೇ. ರಸ್ತೆ, ನೀರು, ದೀಪ, ಬೇಲಿ, ಕಟ್ಟಡದ ದುರಸ್ತಿ, ಅತಿಥಿಗಳ ವ್ಯವಸ್ಥೆ, ಲೆಕ್ಕಪತ್ರ ಇವೆಲ್ಲ ಕಲಾಕೃತಿಯ ಪಟ್ಟಿಯಲ್ಲಿ ಕಾಣದ ಕೆಲಸಗಳು. ಇವನ್ನು ಯಾರಾದರೂ ಮಾಡಲೇಬೇಕು. ಚಿತ್ರ ಬರೆಯುವ ಕೈಗಳೇ ಸಭೆಯ ನಡಾವಳಿಯನ್ನೂ ಬರೆದವು. ಪಣಿಕ್ಕರ್ ಅವರ ಮಗ, ಶಿಲ್ಪಿ ನಂದಗೋಪಾಲ್ ಬಹಳ ವರ್ಷ ಕಾರ್ಯದರ್ಶಿಯ ಹೊಣೆ ಹೊತ್ತು, ತಮ್ಮ ಹಿತ್ತಾಳೆ ತಾಮ್ರದ ಶಿಲ್ಪಗಳ ಜೊತೆಜೊತೆಗೇ ಗ್ರಾಮದ ಆಡಳಿತವನ್ನೂ ನೋಡಿಕೊಂಡರು. ಒಂದು ಸಂಸ್ಥೆಯ ಆಯಸ್ಸು ಇಂಥ ಬೇಸರದ ಕೆಲಸವನ್ನು ಬೇಸರಿಸದೆ ಮಾಡುವವರ ಕೈಯಲ್ಲಿರುತ್ತದೆ.

ಒಟ್ಟಿಗೆ ಬದುಕಿದ್ದರಿಂದ ಇನ್ನೊಂದು ಲಾಭವಾಯಿತು. ಹೊಸ ಕೃತಿಯನ್ನು ಮೊದಲು ನೋಡುತ್ತಿದ್ದವರು ಪಕ್ಕದ ಮನೆಯ ಕಲಾವಿದರು. ಅವರ ಮೆಚ್ಚುಗೆ ಸುಲಭಕ್ಕೆ ಸಿಗುವಂಥದ್ದಲ್ಲ, ಟೀಕೆಯಲ್ಲಿ ದ್ವೇಷವೂ ಇಲ್ಲ. ಕಲಾಶಾಲೆ ಮುಗಿದ ಮೇಲೆ ಹೆಚ್ಚಿನ ಕಲಾವಿದರಿಗೆ ಜೀವನದಲ್ಲಿ ಮತ್ತೆಂದೂ ಸಿಗದ ಈ ಸವಲತ್ತು ಚೋಳಮಂಡಲದವರಿಗೆ ದಿನವೂ ಸಿಕ್ಕಿತು. ಮದರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಜೋಸೆಫ್ ಜೇಮ್ಸ್ ಈ ಬಳಗದ ವಿಮರ್ಶಕರಾಗಿ ಬೆಳೆದರು, ಮುಂದೆ ಗ್ರಾಮದ ಚರಿತ್ರೆಯನ್ನು ದಾಖಲಿಸುವ ಗ್ರಂಥವನ್ನು ಸಂಪಾದಿಸಿದರು. ಕೃತಿ ಹುಟ್ಟುವ ಜಾಗದಲ್ಲೇ ವಿಮರ್ಶೆಯೂ ಹುಟ್ಟಬೇಕು ಎಂಬುದಕ್ಕೆ ಅವರ ಬರವಣಿಗೆ ಸಾಕ್ಷಿ.

ಕೈಕೆಲಸ ಕಲೆಗೆ ಕೊಟ್ಟದ್ದು

ಕೈಕೆಲಸ ಕಲಾವಿದನ ಹೊತ್ತನ್ನು ತಿನ್ನುತ್ತದೆ, ಅವನ ಕಲೆಯನ್ನು ಬರಿಯ ಅಲಂಕಾರಕ್ಕೆ ಇಳಿಸುತ್ತದೆ ಎಂಬ ಆಕ್ಷೇಪ ಮದರಾಸಿನ ಕಲೆಯ ಬಗ್ಗೆ ಆಗಾಗ ಕೇಳಿಬಂದಿದೆ. ಕೃತಿಗಳನ್ನು ಹತ್ತಿರದಿಂದ ನೋಡಿದರೆ ಈ ಮಾತು ನಿಲ್ಲುವುದಿಲ್ಲ. ತಾಮ್ರದ ತಗಡನ್ನು ಹಿಂದಿನಿಂದ ಬಡಿದು ಉಬ್ಬಿಸುವಾಗ, ಕಾಯಿಸಿ ಮೆದು ಮಾಡಿ ಮತ್ತೆ ಬಡಿಯುವಾಗ ಲೋಹ ಎಲ್ಲಿಯವರೆಗೆ ಬಗ್ಗುತ್ತದೆ, ಎಲ್ಲಿ ಹರಿಯುತ್ತದೆ ಎಂಬುದು ಕೈಗೆ ತಿಳಿಯುತ್ತದೆ. ನಂದಗೋಪಾಲ್ ಅವರ ಶಿಲ್ಪಗಳು ದೇವಸ್ಥಾನದ ಪ್ರಭಾವಳಿಯ ಹಾಗೆ ಎದುರಿನಿಂದ ನೋಡುವಂಥವು. ಬೆಸುಗೆ ಹಾಕಿದ ತಗಡು, ಸರಿಗೆ, ಎನಾಮಲ್ ಎಲ್ಲ ಸೇರಿ ಅಲ್ಲಿ ಕಥೆ ಹೇಳುತ್ತವೆ. ಅಕ್ಕಸಾಲಿಗನ ಮತ್ತು ಕಂಚುಗಾರನ ಕೈಚಳಕವನ್ನು ಅರಗಿಸಿಕೊಳ್ಳದೆ ಆ ಶಿಲ್ಪ ಹುಟ್ಟುವುದು ಸಾಧ್ಯವಿರಲಿಲ್ಲ. ಬಾಟಿಕ್ ಮೇಣದಲ್ಲಿ ಪಳಗಿದ ರೇಖೆ ಕ್ಯಾನ್ವಾಸಿನಲ್ಲೂ ಧೈರ್ಯವಾಗಿ ಓಡಿತು.

ನಮ್ಮ ದೇಶದಲ್ಲಿ ಶಿಲ್ಪಿಯನ್ನೂ ಬಡಗಿಯನ್ನೂ, ಚಿತ್ರಗಾರನನ್ನೂ ನೇಕಾರನನ್ನೂ ಬೇರೆ ಬೇರೆ ಮೆಟ್ಟಿಲಲ್ಲಿ ಕೂರಿಸುವ ಪದ್ಧತಿ ವಸಾಹತು ಕಾಲದ ಶಿಕ್ಷಣದ ಜೊತೆ ಬಲಿಯಿತು. ವಿಚಿತ್ರವೆಂದರೆ ಆ ಕಾಲದ್ದೇ ಒಂದು ಶಾಲೆಯಿಂದ ಹೊರಬಂದ ಈ ಕಲಾವಿದರು ಆ ಮೆಟ್ಟಿಲನ್ನು ತಮ್ಮ ಅಂಗಳದಲ್ಲಿ ಸಮ ಮಾಡಿದರು. ಕಾಯಕವನ್ನು ಕೀಳೆಂದು ನೋಡದ ಕನ್ನಡದ ಮನಸ್ಸಿಗೆ ಇದರ ಬೆಲೆ ಬೇಗ ಅರ್ಥವಾಗಬೇಕು.

ಕನ್ನಡದ ನಂಟು

1941ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಸ್.ಜಿ. ವಾಸುದೇವ್ ಮದರಾಸಿನ ಕಲಾಶಾಲೆಗೆ ಹೋದದ್ದು ಕಲಾವಿಮರ್ಶಕ ಜಿ. ವೆಂಕಟಾಚಲಂ ಅವರ ಪ್ರೋತ್ಸಾಹದಿಂದ. ಅಲ್ಲಿ ಪಣಿಕ್ಕರ್ ಅವರ ಶಿಷ್ಯರಾದರು, ಬಾಟಿಕ್ ಮಾಡಿದರು, ಚೋಳಮಂಡಲದ ಸ್ಥಾಪಕ ಸದಸ್ಯರಲ್ಲಿ ಒಬ್ಬರಾದರು. ಅದೇ ಶಾಲೆಯ ಅರ್ನವಾಜ್ ಅವರ ಬಾಳ ಸಂಗಾತಿಯಾದರು. ಇಬ್ಬರೂ ಗ್ರಾಮದಲ್ಲಿ ಬಹಳ ವರ್ಷ ಕೆಲಸ ಮಾಡಿದರು. ತಾಮ್ರದ ಉಬ್ಬುಚಿತ್ರಗಳು ವಾಸುದೇವ್ ಅವರ ಕಲೆಯ ಮುಖ್ಯ ಅಂಗವಾದದ್ದು ಚೋಳಮಂಡಲದ ಕೈಕೆಲಸದ ವಾತಾವರಣದಲ್ಲೇ.

ಅವರ ‘ವೃಕ್ಷ’ ಚಿತ್ರಮಾಲೆಗೆ ಬೇಂದ್ರೆಯವರ ಕಾವ್ಯದ ಪ್ರೇರಣೆಯಿದೆ. ಎ.ಕೆ. ರಾಮಾನುಜನ್ ಅವರ ಕವಿತೆಗಳಿಗೆ ಅವರು ರೇಖೆಗಳಲ್ಲಿ ಸ್ಪಂದಿಸಿದರು. ಕನ್ನಡ ಸಾಹಿತ್ಯ ಮತ್ತು ಚೋಳಮಂಡಲದ ರೇಖೆ ಹೀಗೆ ಒಬ್ಬ ಕಲಾವಿದನ ಕೈಯಲ್ಲಿ ಕೂಡಿದವು. ಸಿನಿಮಾದ ನಂಟೂ ಇದೆ. 1960ರ ದಶಕದಲ್ಲಿ ಗಿರೀಶ ಕಾರ್ನಾಡರು ಮದರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಕೆಲಸದಲ್ಲಿದ್ದರು. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಪಟ್ಟಾಭಿರಾಮ ರೆಡ್ಡಿಯವರು ಚಲನಚಿತ್ರ ಮಾಡಿದಾಗ ಕಾರ್ನಾಡರು ಪ್ರಾಣೇಶಾಚಾರ್ಯರಾದರು, ಕಲಾ ನಿರ್ದೇಶನದ ಹೊಣೆ ವಾಸುದೇವ್ ಅವರದಾಯಿತು. 1970ರ ಶ್ರೇಷ್ಠ ಚಿತ್ರವೆಂದು ರಾಷ್ಟ್ರೀಯ ಪ್ರಶಸ್ತಿ ಪಡೆದ, ಕನ್ನಡದ ಹೊಸ ಅಲೆಯ ಬಾಗಿಲು ತೆರೆದ ಆ ಚಿತ್ರದ ಹಿಂದೆ ಚೋಳಮಂಡಲದ ಒಬ್ಬ ಕಲಾವಿದನ ಕಣ್ಣಿತ್ತು.

ಅರ್ನವಾಜ್ 1988ರಲ್ಲಿ ಅಕಾಲದಲ್ಲಿ ತೀರಿಕೊಂಡರು. ವಾಸುದೇವ್ ಬೆಂಗಳೂರಿಗೆ ಬಂದು ನೆಲೆಸಿದರು. ಅರ್ನವಾಜ್ ಅವರ ನೆನಪಿನಲ್ಲಿ ಸ್ಥಾಪಿಸಿದ ದತ್ತಿಯಿಂದ ಕಲಾ ವಿದ್ಯಾರ್ಥಿಗಳಿಗೆ ನೆರವು ಸಿಗುವಂತೆ ಮಾಡಿದರು. ಬೆಂಗಳೂರಿನಲ್ಲಿ ನುರಿತ ನೇಕಾರರ ಜೊತೆ ಸೇರಿ ರೇಷ್ಮೆಯಲ್ಲಿ ತಮ್ಮ ಚಿತ್ರಗಳನ್ನು ನೇಯಿಸಿದರು. ಚಿತ್ರಗಾರ ಮತ್ತು ನೇಕಾರ ಒಂದೇ ಮಗ್ಗದ ಮುಂದೆ ಕೂತು ಬಣ್ಣದ ಎಳೆ ಆರಿಸುವ ಈ ರೀತಿ ಚೋಳಮಂಡಲದಲ್ಲಿ ಕಲಿತ ಪಾಠದ ಮುಂದುವರಿಕೆ.

ನೋವು, ಅಗಲಿಕೆ

ಸ್ಮರಣೆಯ ಲೇಖನವೆಂದು ಕಷ್ಟದ ದಿನಗಳನ್ನು ಬಿಡುವಂತಿಲ್ಲ. ಬರಿಯ ಕಲೆಯನ್ನು ನಂಬಿ ಮರಳಿನ ಮೇಲೆ ಸಂಸಾರ ಹೂಡಿದವರಿಗೆ ಬಡತನ ಚೆನ್ನಾಗಿ ಪರಿಚಯವಿತ್ತು. ಕೆಲವರು ಕಾಯಲಾರದೆ ನೌಕರಿಗೆ ಮರಳಿದರು. ಅಕ್ಕಿತ್ತಂ ನಾರಾಯಣನ್ ಮತ್ತು ವಿಶ್ವನಾಥನ್ 1960ರ ದಶಕದ ಕೊನೆಗೆ ಪ್ಯಾರಿಸ್ಸಿಗೆ ಹೋಗಿ ಅಲ್ಲಿಯೇ ನೆಲೆಸಿದರು, ಹರಿದಾಸನ್ ಮುಂದೆ ತಿರುವನಂತಪುರದಲ್ಲಿ ಕಲಾ ಶಿಕ್ಷಕರಾದರು. ಹೋದವರನ್ನು ಗ್ರಾಮ ದೂರ ಮಾಡಲಿಲ್ಲ, ಅವರ ಹೆಸರು ಇಂದಿಗೂ ಚೋಳಮಂಡಲದ ಜೊತೆಗೇ ಬರುತ್ತದೆ.

ಎಲ್ಲಕ್ಕಿಂತ ಆಳದ ನೋವು ಕೆ. ರಾಮಾನುಜಂ ಅವರದು. ಮಾತು ಸರಾಗವಾಗಿ ಬರುತ್ತಿರಲಿಲ್ಲ, ಮನಸ್ಸಿನ ಕಾಯಿಲೆ ಕಾಡುತ್ತಿತ್ತು, ಹೊರಗಿನ ಲೋಕದಲ್ಲಿ ಅವರಿಗೆ ಜಾಗ ಸಿಗುವುದು ಕಷ್ಟವಿತ್ತು. ರಾಮಾನುಜಂ ಅವರನ್ನು ಪಣಿಕ್ಕರ್ ಶಾಲೆಗೆ ಸೇರಿಸಿಕೊಂಡು ಬೆಳೆಸಿದರು, ಗ್ರಾಮ ಅವರಿಗೆ ಸೂರು ಕೊಟ್ಟಿತು. ಕಪ್ಪು ಶಾಯಿಯ ಸಾವಿರಾರು ಸಣ್ಣ ಗೆರೆಗಳಲ್ಲಿ ಅವರು ಅರಮನೆ, ಹಾವು, ರೆಕ್ಕೆಯ ಪ್ರಾಣಿ, ಟೋಪಿ ಹಾಕಿದ ತಮ್ಮದೇ ರೂಪಗಳ ಒಂದು ಕನಸಿನ ರಾಜ್ಯ ಕಟ್ಟಿದರು. ಮದರಾಸಿನ ಕನ್ನೆಮರಾ ಹೋಟೆಲಿಗೆ ಅವರು ಬರೆದ ಭಿತ್ತಿಚಿತ್ರಗಳು ಹೆಸರಾದವು. 1973ರಲ್ಲಿ, ಮೂವತ್ತರ ಆರಂಭದ ವಯಸ್ಸಿನಲ್ಲೇ, ಅವರು ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಒಂದು ಸಮುದಾಯ ಎಷ್ಟು ಅಕ್ಕರೆಯಿಂದಿದ್ದರೂ ಎಲ್ಲ ನೋವಿಗೂ ಮದ್ದಾಗಲಾರದು. ಆದರೆ ಚೋಳಮಂಡಲ ಇರದಿದ್ದರೆ ರಾಮಾನುಜಂ ಎಂಬ ಕಲಾವಿದನ ಹೆಸರು ಇಂದು ಯಾರಿಗೂ ಗೊತ್ತಿರುತ್ತಿರಲಿಲ್ಲ.

ಪಣಿಕ್ಕರ್ ನಂತರ

ಪಣಿಕ್ಕರ್ 1977ರ ಜನವರಿಯಲ್ಲಿ ನಿಧನರಾದರು. ಒಬ್ಬ ದೊಡ್ಡ ವ್ಯಕ್ತಿಯ ಸುತ್ತ ಬೆಳೆದ ಸಂಸ್ಥೆಗಳು ಅವರ ನಂತರ ಒಡೆದು ಹೋಗುವುದನ್ನು ನಾವು ಬಹಳ ನೋಡಿದ್ದೇವೆ. ಚೋಳಮಂಡಲ ಒಡೆಯಲಿಲ್ಲ. ಆಡಳಿತ ಸಂಘದ ಕೈಯಲ್ಲಿತ್ತು, ಆದಾಯಕ್ಕೆ ದಾರಿ ಇತ್ತು, ಮನೆಗಳಲ್ಲಿ ಕಲಾವಿದರು ವಾಸವಿದ್ದರು. ಸಿ. ಡಗ್ಲಸ್ ಅವರಂಥ ಮುಂದಿನ ಪೀಳಿಗೆಯವರು ಬಂದು ಸೇರಿಕೊಂಡರು. ದೇಶವಿದೇಶದ ಕಲಾವಿದರು ಅತಿಥಿ ಕೋಣೆಗಳಲ್ಲಿ ತಂಗಿ ಕೆಲಸ ಮಾಡಿಹೋದರು. ಗಾಳಿಮರಗಳ ನಡುವೆ ಶಿಲ್ಪಗಳ ಉದ್ಯಾನ ಬೆಳೆಯಿತು.

ಈ ನಡುವೆ ಸುತ್ತಲಿನ ಜಗತ್ತು ಪೂರ್ತಿ ಬದಲಾಯಿತು. ಬಸ್ಸಿಗೆ ಕಾಯಬೇಕಿದ್ದ ರಸ್ತೆ ಈಗ ಅಗಲವಾದ ಈಸ್ಟ್ ಕೋಸ್ಟ್ ರೋಡ್. ಅಕ್ಕಪಕ್ಕ ಮನರಂಜನೆಯ ಉದ್ಯಾನಗಳು, ರೆಸಾರ್ಟುಗಳು, ಬಂಗಲೆಗಳು. ಒಂದು ಕಾಲಕ್ಕೆ ಯಾರೂ ಬೇಡವೆನ್ನುತ್ತಿದ್ದ ಆ ಮರಳಿಗೆ ಈಗ ಚಿನ್ನದ ಬೆಲೆ. ಬಾಟಿಕ್ ಮಾರಿ ಬದುಕುವ ದಿನಗಳೂ ಹಿಂದೆ ಸರಿದವು. 1990ರ ನಂತರ ಭಾರತೀಯ ಚಿತ್ರಗಳಿಗೆ ಮಾರುಕಟ್ಟೆ ಕುದುರಿತು, ಕೈಕೆಲಸವಿಲ್ಲದೆಯೂ ಜೀವನ ಸಾಗಿಸುವುದು ಹಲವರಿಗೆ ಸಾಧ್ಯವಾಯಿತು. ಹೀಗಿದ್ದೂ ಆ ನೆಲ ಕಲಾವಿದರ ಗ್ರಾಮವಾಗಿಯೇ ಉಳಿದಿದೆ. 2009ರಲ್ಲಿ ಸಮಕಾಲೀನ ಕಲೆಯ ಕೇಂದ್ರವೊಂದು ಅಲ್ಲಿ ಆರಂಭವಾಗಿ, ಮದರಾಸಿನ ಕಲಾ ಚಳವಳಿಯ ಕೃತಿಗಳಿಗೆ ಒಂದು ವಸ್ತುಸಂಗ್ರಹಾಲಯ ಸಿಕ್ಕಿತು. ಆ ಕೆಲಸಕ್ಕೆ ಮುಂದೆ ನಿಂತವರಲ್ಲಿ ಒಬ್ಬರಾದ ನಂದಗೋಪಾಲ್ 2017ರಲ್ಲಿ ತೀರಿಕೊಂಡರು. ಸ್ಥಾಪಕ ಪೀಳಿಗೆಯ ಹಲವರು ಈಗ ನಮ್ಮೊಂದಿಗಿಲ್ಲ.

ನಮ್ಮ ಪಾಲಿನ ಕೆಲಸ

ಅರವತ್ತು ವರ್ಷಗಳನ್ನು ಒಟ್ಟಾಗಿ ನೋಡಿದಾಗ ಚೋಳಮಂಡಲ ಗೆದ್ದಿದೆ ಎಂದು ನಿಸ್ಸಂಕೋಚವಾಗಿ ಹೇಳಬಹುದು. ಅದು ಎಲ್ಲರನ್ನೂ ಶ್ರೀಮಂತರನ್ನಾಗಿ ಮಾಡಲಿಲ್ಲ, ಎಲ್ಲರನ್ನೂ ಪ್ರಸಿದ್ಧರನ್ನಾಗಿಯೂ ಮಾಡಲಿಲ್ಲ. ಕಲೆಯನ್ನೇ ಜೀವನವಾಗಿ ಆರಿಸಿಕೊಂಡವರಿಗೆ ಆ ಜೀವನ ನಡೆಸಲು ಬೇಕಾದ ಸೂರು, ದುಡಿಮೆ, ನೆರೆಹೊರೆ ಮೂರನ್ನೂ ಕೊಟ್ಟಿತು.

ಕರ್ನಾಟಕದಲ್ಲಿ ಇಂದು ಕಲಾಶಾಲೆಗಳು ಹಲವು ಇವೆ, ಪ್ರತಿ ವರ್ಷ ನೂರಾರು ವಿದ್ಯಾರ್ಥಿಗಳು ಹೊರಬರುತ್ತಾರೆ. 1960ರ ದಶಕದಲ್ಲಿ ಪಣಿಕ್ಕರ್ ಅವರನ್ನು ಕಾಡಿದ ಹೊಟ್ಟೆಯ ಪ್ರಶ್ನೆ ಈ ಹುಡುಗರ ಎದುರಿಗೆ ಹಾಗೆಯೇ ನಿಂತಿದೆ. ನಮ್ಮಲ್ಲಿ ಚನ್ನಪಟ್ಟಣದ ಅರಗಿನ ಕೆಲಸವಿದೆ, ಬೀದರಿನ ಬಿದ್ರಿ ಇದೆ, ಕಿನ್ನಾಳದ ಬೊಂಬೆಗಳಿವೆ, ಇಳಕಲ್ಲಿನ ಮಗ್ಗಗಳಿವೆ. ಕಲಾಶಾಲೆಯ ಹುಡುಗರು ಈ ಕುಶಲಕರ್ಮಿಗಳ ಅಂಗಳದಲ್ಲಿ ಕೂತು ಕಲಿಯುವಂತಾಗಬೇಕು, ಕುಶಲಕರ್ಮಿಗಳನ್ನು ಗುರುಗಳಾಗಿ ಶಾಲೆಗೆ ಕರೆಯಬೇಕು. ಐದು ಜನ ಸೇರಿದರೂ ಸಾಕು, ಒಂದು ಕಾರ್ಯಾಗಾರ ಹಿಡಿದು, ಒಂದು ಲೆಕ್ಕದ ಪುಸ್ತಕ ಇಟ್ಟು, ಬಂದದ್ದರಲ್ಲಿ ಸ್ವಲ್ಪ ಕೂಡಿಡುವ ಶಿಸ್ತು ಬೆಳೆಸಿಕೊಳ್ಳಬೇಕು. ಊರಿನ ಸಂಘಸಂಸ್ಥೆಗಳು ಅವರು ಮಾಡಿದ್ದನ್ನು ಕೊಂಡು ಆಸರೆಯಾಗಬೇಕು. ಚೆನ್ನೈಗೆ ಹೋಗುವ ಕನ್ನಡಿಗರು ಒಂದು ದಿನ ಚೋಳಮಂಡಲಕ್ಕೆ ಮೀಸಲಿಡಿ, ಮಕ್ಕಳನ್ನೂ ಕರೆದುಕೊಂಡು ಹೋಗಿ, ಅಲ್ಲಿನ ಸಂಗ್ರಹಾಲಯ ನೋಡಿ, ಸಾಧ್ಯವಾದರೆ ಒಂದು ಕೃತಿಯನ್ನು ಮನೆಗೆ ತನ್ನಿ. ಕೈಯ ದುಡಿಮೆಯಿಂದ ಕಟ್ಟಿದ ಈ ಊರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.